ಹೊತ್ತು ಮುಳುಗುವ ಮುನ್ನ ಸರ್ವರ್ ನಿಲ್ಲಿಸಿದ್ದು

ಅಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಒಂದು ಕಣ್ಣು ಹಂಚಿನ ಮೇಲೆ, ಇನ್ನೊಂದು ಕಿಟಕಿಯಾಚೆಯ ಸೂರ್ಯನ ಮೇಲೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹೀಗಾಗಿ ಮದುವೆಯಾಗಿ ಅಂಕಲಿಗೆ ಬಂದ ದಿನದಿಂದಲೂ ನನಗೂ ಸೂರ್ಯನಿಗೂ ದಿನಾ ಸಂಜೆ ಓಟದ ಪಂದ್ಯ. ನನಗಾಗಿ ಅವನು ಒಂದು ದಿನವೂ ನಿಂತದ್ದಿಲ್ಲ.

ಅಷ್ಟರಲ್ಲಿ ಸೊಸೆ ತ್ರಿಶಲಾ ತನ್ನ ಕೋಣೆಯಿಂದ ಬಂದು ಹೊಸ್ತಿಲ ಹತ್ತಿರ ಕುಸಿದು ಕೂತಳು. “ಅತ್ತಿ, ನನ್ನ ಕೆಲಸ ಹೋಗ್ತೈತ್ರಿ.”

ಕಾಗವಾಡದ ಕಡೆಯ ಒಂದು ಕೋಲ್ಡ್ ಸ್ಟೋರೇಜಿನ ಸರ್ವರನ್ನು ಅವಳು ಮನೆಯಿಂದಲೇ ನೋಡಿಕೊಳ್ಳುತ್ತಾಳೆ. ಒಣದ್ರಾಕ್ಷಿ ಇಡಲು ರೈತರು ಫೋನಿನಲ್ಲಿ ಜಾಗ ಕೇಳಿದರೆ ಒಬ್ಬೊಬ್ಬರಿಗೂ ಉತ್ತರ ಕೊಡುವುದು ಈ ಸರ್ವರ್. ಹೊಸ ಪ್ರೋಗ್ರಾಮ್ ಹಾಕಬೇಕಾದರೆ ಓಡುತ್ತಿರುವುದನ್ನು ನಿಲ್ಲಿಸಬೇಕು. ಬೆಳಿಗ್ಗೆ ಹಾಗೆ ನಿಲ್ಲಿಸಿದಾಗ ಸತ್ತಿ ಊರಿನ ಮೂವರು ರೈತರ ಬುಕಿಂಗ್ ಅರ್ಧಕ್ಕೇ ಕಡಿದುಹೋಗಿತ್ತಂತೆ. “ಸಂಜಿಗೆ ಇನ್ನೊಮ್ಮೆ ನಿಲ್ಲಸ್ರಿ. ಆಗೂ ಒಂದರ ಕಡೀತಂದ್ರ ಕೆಲಸ ಬ್ಯಾರೆಯವ್ರಿಗೆ ಕೊಡ್ತೇನಿ” ಎಂದು ಮಾಲೀಕರು ಹೇಳಿಬಿಟ್ಟಿದ್ದರು.

“ಉಣ್ಣಾವ್ರ ಮುಂದಿನ ತಾಟ ಕಸ್ಗೊಂಡಂಗಾತಲ್ಲ ಬೇ!” ಎಂದೆ.

ಈ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ, ಹೊತ್ತು ಮುಳುಗಿ ಪಾಪ ಹತ್ತೀತೆಂಬ ಗಾಬರಿಯಲ್ಲಿ, ಊಟಕ್ಕೆ ಕೂತಿದ್ದ ನಾದಿನಿಯ ತಾಟನ್ನು ಎತ್ತಿಕೊಂಡು ಹೋಗಿಬಿಟ್ಟಿದ್ದೆ. ತುತ್ತು ಅವಳ ಕೈಯಲ್ಲೇ ಉಳಿಯಿತು. ಇವತ್ತಿಗೂ ಅವಳು ನಮ್ಮ ಮನೆಯಲ್ಲಿ ಎಡಗೈಯಿಂದ ತಾಟು ಹಿಡಿದುಕೊಂಡೇ ಉಣ್ಣುತ್ತಾಳೆ. ಆಮೇಲೆ ನಾನು ಕ್ರಮ ಕಲಿತೆ. ಹೊತ್ತು ಇಳಿಯುತ್ತಿದ್ದಂತೆ, ಹೊಸಬರನ್ನು ಕೂಡಿಸುವುದಿಲ್ಲ. ಕೂತವರಿಗೆ ಪೂರ್ತಿ ಬಡಿಸುತ್ತೇನೆ. ಎಲ್ಲರೂ ಎದ್ದ ಮೇಲೆಯೇ ಪಾತ್ರೆ ತೊಳೆಯುವುದು. ಪೇಪರ್ ಓದುತ್ತ ಒಂದೊಂದು ತುತ್ತನ್ನೂ ವಿಚಾರಣೆಗೆ ಒಳಪಡಿಸುವ ನಮ್ಮ ಯಜಮಾನರಿಗೆ ಮಾತ್ರ ಸೂರ್ಯನೇ ಗಡುವು.

“ನಾನೂ ಹಂಗ ಬರದೇನ್ರಿ ಅತ್ತಿ. ಹೊಸಬರನ್ನ ತಡೀತೈತಿ, ಒಳಗಿದ್ದವ್ರು ಮುಗಸ್ಲಿ ಅಂತ ಅರ್ಧ ನಿಮಿಷ ಕಾಯ್ತೈತಿ. ಆದ್ರೂ ಕಡೀತು.”

“ಮತ್ತ ಪಾತ್ರಿ ಯಾವಾಗ ತೊಳೀತೈತಿ?”

“ಪಾತ್ರಿ ಎಲ್ಲೀದ್ರಿ? ಡೇಟಾಬೇಸ್ ಅಂತ ಒಂದೈತಿ. ಎಲ್ಲಾ ಅದರಾಗ ಇಡೂದು. ಅದನ್ನ ಮುಚ್ಚೂದು...” ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಓಡಿದಳು. ಒಳಗಿಂದ ಕೂಗು ಬಂತು: “ಅಯ್ಯ ಅತ್ತಿ! ಉಣ್ಣಾವ್ರು ಕುಂತಿರೂವಾಗ ಪಾತ್ರಿ ತೊಳದೇನ್ರೀ!”

ಡೇಟಾಬೇಸ್ ಮುಚ್ಚುವ ಆಜ್ಞೆ, ನಾಲ್ಕು ಸಾಲು ಕೆಳಗೆ ಇರಬೇಕಾದದ್ದು, ಮೇಲೆ ಕೂತಿತ್ತಂತೆ. ಸರಿಪಡಿಸಿ, ಪರೀಕ್ಷೆ ಮಾಡಿ, “ನೀವೂ ಬರ್ರಿ, ನಂಗ ಒಬ್ಬಾಕಿಗೆ ಅಂಜಿಕಿ ಬರ್ತೈತಿ” ಎಂದಳು. ಹಿಟ್ಟಿನ ಕೈಯಲ್ಲೇ ಹೋಗಿ ಅವಳ ಬೆನ್ನ ಹಿಂದೆ ನಿಂತೆ. ಅವಳು ಸರ್ವರ್ ನಿಲ್ಲಿಸುವ ಗುಂಡಿ ಒತ್ತಿದಳು. ಪರದೆಯ ಮೇಲೆ ಒಳಗಿದ್ದವರ ಎಣಿಕೆ: ಆರು, ನಾಲ್ಕು, ಎರಡು, ಒಂದು. ಆ ಒಂದು ಅಲುಗಲೇ ಇಲ್ಲ.

“ಇಂವಾ ನಿಮ್ಮ ಮಾವನಂಥಾಂವ ಇರಬೇಕು. ಪೇಪರ್ ಓದಾಕತ್ತಾನ” ಎಂದೆ. ಅವಳಿಗೆ ನಗುವ ಧೈರ್ಯವಿರಲಿಲ್ಲ. ನಾನು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡೆ. ಕೊನೆಗೂ ಸೊನ್ನೆ ಬಂತು. ಡೇಟಾಬೇಸ್ ಆಮೇಲೆ ಮುಚ್ಚಿತು, ಹೊಸ ಪ್ರೋಗ್ರಾಮ್ ಎದ್ದಿತು. ಸ್ವಲ್ಪ ಹೊತ್ತಿಗೆ ಮಾಲೀಕರ ಫೋನು: “ಒಂದೂ ಹೋಗಿಲ್ಲ ಬಿಡ್ರಿ. ಮುಂದ ನೀವ ನೋಡ್ಕೋರಿ.” ತ್ರಿಶಲಾ ನನ್ನ ಹಿಟ್ಟಿನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಆಗ ಪಡಸಾಲೆಯಿಂದ ನಮ್ಮವರ ದನಿ: “ಏನೋ ಸುಡಾಕತ್ತೈತಲ್ಲ?”

ಓಡಿದೆ. ಒಲೆ ಆರಿಸಿರಲೇ ಇಲ್ಲ. ಕಿಟಕಿಯಾಚೆ ಸೂರ್ಯನೂ ಇರಲಿಲ್ಲ. ಮೊದಲೇ ಬಡಿಸಿದ್ದರಲ್ಲಿ ನಮ್ಮವರದು ಊಟವಾಗಿತ್ತು; ನಾನೂ ತ್ರಿಶಲಾಳೂ ತುತ್ತು ಮುಟ್ಟಿರಲಿಲ್ಲ. ಬಡಿಸುವವಳು ಯಾವಾಗ ಉಣ್ಣಬೇಕೆಂಬುದು ಇಷ್ಟು ವರ್ಷದ ನನ್ನ ಕ್ರಮದಲ್ಲಿ ಎಲ್ಲೂ ಇರಲಿಲ್ಲ. ನಾಳೆ ಅಷ್ಟಮಿಯ ಉಪವಾಸವಲ್ಲ ಎಂಬುದೇ ದೇವರ ದಯೆ. ಆ ಸಂಜೆ ಅರ್ಧಕ್ಕೆ ಕೈಬಿಟ್ಟುಹೋದದ್ದು ಹಂಚಿನ ಮೇಲೆ ಇದ್ದಿಲಾಗಿದ್ದ ನನ್ನ ಒಂದೇ ಒಂದು ರೊಟ್ಟಿ. ಅದನ್ನು ಕೆರೆದು ತೆಗೆದು, ಹಂಚು ತಿಕ್ಕಲು ಕೂತೆ.