ಪಿನ್ ಕೂತರೆ ಸಾಕು

ನನ್ನ ಭಾವ, ಅಂದರೆ ಅಕ್ಕನ ಗಂಡ, ಬೇಕೆಂದು ಒಂದು ಇರುವೆಯನ್ನೂ ತುಳಿದವರಲ್ಲ. (ಮೀನಿನ ವಿಷಯ ಬೇರೆ, ಅದು ಹೊಟ್ಟೆಪಾಡು.) ಹಾಗಿದ್ದೂ ನಮ್ಮ ಮನೆಯಲ್ಲಿ ಅವರ ಕೈಯಿಂದ ಪ್ರಾಣ ಬಿಟ್ಟವರು ಒಬ್ಬಿಬ್ಬರಲ್ಲ! ಒಂದು ಟಾರ್ಚು, ಒಂದು ಟ್ರಿಮ್ಮರ್, ನನ್ನ ಮಗಳ ಹಾಡಿನ ಡಬ್ಬಿ. ಎಲ್ಲರೂ ರೀಚಾರ್ಜ್ ಆಗುವ ಜಾತಿಯವರು. ಸಾವಿನ ಕಾರಣವೂ ಒಂದೇ, ತಪ್ಪು ಚಾರ್ಜರ್.

ಭಾವ ಕಾಪುವಿನವರು. ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ. ಮಳೆಗಾಲದಲ್ಲಿ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವಂತಿಲ್ಲವಲ್ಲ, ಆಗ ಕಾರ್ಕಳದ ನಮ್ಮ ಮನೆಯಲ್ಲಿ ಠಿಕಾಣಿ ಹೂಡುತ್ತಾರೆ. ಅಕ್ಕನಿಗೆ ಅಂಗನವಾಡಿಯ ಕೆಲಸ, ರಜೆಯಿಲ್ಲ, ಹಾಗಾಗಿ ಬರುವುದು ಒಬ್ಬರೇ, ತಲೆಗೊಂದು ಮಫ್ಲರ್ ಸುತ್ತಿಕೊಂಡು. ಬೋಟಿನಲ್ಲಿ ಇಡೀ ತಂಡಕ್ಕೆ ಒಂದೇ ಪ್ಲಗ್ ಬೋರ್ಡು. ಇದು ಯಾರ ಚಾರ್ಜರ್ ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಕೈಗೆ ಸಿಕ್ಕಿದ್ದನ್ನು ಹತ್ತಿರ ಕಂಡದ್ದಕ್ಕೆ ಚುಚ್ಚುವುದು, ಅಷ್ಟೆ. ಆ ಪದ್ಧತಿಯನ್ನು ಭಾವ ಹಾಗೆಯೇ ನಮ್ಮ ಮನೆಗೂ ತಂದರು.

“ಭಾವ, ಅದು ಮೋಡೆಮ್‌ನ ಚಾರ್ಜರ್. ಹನ್ನೆರಡು ವೋಲ್ಟ್! ಈ ಟಾರ್ಚಿಗೆ ಐದೇ ಸಾಕು,” ಎಂದು ಚಾರ್ಜರಿನತ್ತ ಬೆರಳು ತೋರಿಸಿ ನಾನು.

“ಪಿನ್ ಕೂತಿತಲ್ಲ ಮಾರಾಯ? ಕೂತ ಮೇಲೆ ಮತ್ತೆಂತ?” ಎಂದು ಅವರು.

(ಮನೆಯಲ್ಲಿ ನಾವಾಡುವುದು ತುಳು. ಜಗಳ ನಿಮಗೂ ತಿಳಿಯಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಹೇಳಿದ್ದು ಯಾರು? ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ವೋಲ್ಟು, ಆಂಪಿಯರ್ ಎಂದು ಜಪ ಮಾಡುತ್ತಿರುವ ನಾನು! ಮನೆಯ ಪ್ರತಿ ಚಾರ್ಜರಿಗೂ ಚೀಟಿ ಅಂಟಿಸಿಟ್ಟವನು ನಾನು! ಒಂದು ಬೆಳಿಗ್ಗೆ ಟ್ರಿಮ್ಮರ್ ಹಿಡಿದರೆ ಅದು ಬೋಟಿನ ಇಂಜಿನಿನಂತೆ ಗರ್ಜಿಸಿ, ನನ್ನ ಎಡ ಮೀಸೆಯನ್ನು ಬುಡಸಮೇತ ಕಿತ್ತುಕೊಂಡು ಅಲ್ಲೇ ತಣ್ಣಗಾಯಿತು. ಅಂದು ಪ್ರಾಕ್ಟಿಕಲ್ ಪರೀಕ್ಷೆ. ಹುಡುಗರಲ್ಲಿ ಒಬ್ಬನಾದರೂ ಮೀಟರಿನ ಕಡೆ ನೋಡಿದ್ದರೆ ಕೇಳಿ! ಹಾಡಿನ ಡಬ್ಬಿಯದ್ದು ಇನ್ನೂ ಘೋರ. ಬ್ಯಾಟರಿ ಪೂರಿಯಂತೆ ಉಬ್ಬಿ ಮುಚ್ಚಳವೇ ಎದ್ದಿತ್ತು. ಮಗಳು ಅಳುತ್ತಾ ತೋರಿಸಿದರೆ ಭಾವ ಹೆಮ್ಮೆಯಿಂದ, “ನೋಡು, ಎಷ್ಟು ಚಾರ್ಜ್ ತುಂಬಿದೆ!” ಎಂದರು. ಅಳುತ್ತಿದ್ದ ಮಗಳು ಬಿದ್ದು ಬಿದ್ದು ನಕ್ಕಳು. ಅದೇ ಡಬ್ಬಿಯನ್ನು ನಾನು ಕೈತಪ್ಪಿ ಬೀಳಿಸಿದ್ದರೆ ಒಂದು ವಾರ ಮಾತು ಬಿಡುತ್ತಿದ್ದಳು.

ಮುಚ್ಚುಮರೆ ಯಾಕೆ, ನನಗೆ ಭಾವನನ್ನು ಕಂಡರೆ ಹೊಟ್ಟೆಕಿಚ್ಚು. ಅದರಲ್ಲೂ ಅಮ್ಮನ ವಿಷಯದಲ್ಲಿ. ಹೆತ್ತದ್ದು ನನ್ನನ್ನು, ಆದರೆ ಕೆಸುವಿನ ಎಲೆಯ ಪತ್ರೊಡೆಯನ್ನು ಕಾವಲಿಯಲ್ಲಿ ಕಾಯಿಸಿದರೆ ಕೆಂಪಗಾದ ತುಂಡು ಭಾವನಿಗೆ! ಮಧ್ಯಾಹ್ನದಿಂದ ಸಂಜೆಯವರೆಗೆ ಅವರಿಬ್ಬರ ಮಾತು ಮುಗಿಯುವುದಿಲ್ಲ. ನಾನು ಕಾಲೇಜಿನಿಂದ ಬಂದರೆ ನನ್ನ ಪಾಲಿಗೆ ಮೂರೇ ಮಾತು. “ಬಂದೆಯಾ? ಚಾ ಉಂಟು. ಕೊಡೆ ಹೊರಗಿಡು.”

ಅಮ್ಮನಿಗೆ ಕಿವಿ ಮಂದವಾದಾಗ ಮಣಿಪಾಲಕ್ಕೆ ಕರೆದುಕೊಂಡು ಹೋದವನು ಯಾರು? ಒಂದು ಜೊತೆ ಶ್ರವಣ ಯಂತ್ರ ಕೊಡಿಸಿ, ದಿನವೂ ಅವನ್ನು ಪೆಟ್ಟಿಗೆಯಲ್ಲಿಟ್ಟು ಚಾರ್ಜ್ ಮಾಡಿದವನು ಯಾರು? ಭಾವನ ಕೈಗೆ ಸಿಗದಿರಲಿ ಎಂದು ಅದರ ಚಾರ್ಜರನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಕಿಸೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಇಷ್ಟೆಲ್ಲ ಮಾಡಿ ಅಮ್ಮ ಆ ಕಿವಿಯಿಂದ ಕೇಳಿಸಿಕೊಳ್ಳುವುದು ಯಾರ ಕಥೆಯನ್ನು? ಭಾವನದ್ದನ್ನು! ಇಂಜಿನಿನ ಸದ್ದನ್ನು ಮೀರಿ ಕೂಗಿ ಅಭ್ಯಾಸವಾದ ಸ್ವರ ಅದು. ಪಕ್ಕದೂರು ಬಜಗೋಳಿಯಲ್ಲಿ ನಿಂತರೂ ಕೇಳುತ್ತದೆ. ಅದಕ್ಕೆ ಯಂತ್ರ ಬೇರೆ ಬೇಕೆ?

ಈ ಜುಲೈಯಲ್ಲಿ ಒಂದು ಸಂಜೆ ಗೇಟು ತೆರೆಯುವಾಗಲೇ ‘ಬೀಪ್, ಬೀಪ್’ ಎಂಬ ಸದ್ದು. ಒಳಗೆ ಹೋದರೆ ಅಮ್ಮನ ಯಂತ್ರದ ಪೆಟ್ಟಿಗೆ ಮೋಡೆಮ್‌ನ ಚಾರ್ಜರಿನಲ್ಲಿ! ಮುಟ್ಟಿದರೆ ಬಿಸಿ, ಪ್ಲಾಸ್ಟಿಕ್ ಕರಗಿದ ವಾಸನೆ. ಒಂದು ಮೊಳ ದೂರದಲ್ಲಿ ಕೂತ ಭಾವ ಆ ಸದ್ದು ತನಗೆ ಸಂಬಂಧವೇ ಇಲ್ಲವೆಂಬಂತೆ ಹಲಸಿನ ಬೀಜ ಸುಲಿಯುತ್ತಿದ್ದರು.

“ಭಾವ, ಇದು ಟಾರ್ಚ್ ಅಲ್ಲ! ಅಮ್ಮನ ಕಿವಿ!” ಎಂದು ಅವರೆದುರು ನಿಂತು ಕಿರುಚಿದೆ. ಭಾವ ಬೀಜ ಕೆಳಗಿಟ್ಟು ತಲೆ ತಗ್ಗಿಸಿ ಕೂತರು. ನಿಜ ಹೇಳುತ್ತೇನೆ, ಒಳಗೊಳಗೇ ನನಗೆ ಖುಷಿಯಾಯಿತು. ಇವತ್ತಾದರೂ ಅಮ್ಮ ಭಾವನಿಗೆ ಬೈಯುತ್ತಾಳೆ!

ಅಮ್ಮ ಬಂದಳು, ಬೈದಳು, ನನಗೆ. “ಅವನಿಗೆ ಯಾಕೆ ಬೊಬ್ಬೆ ಹಾಕ್ತೀ? ಹೋದದ್ದು ನನ್ನ ಕಿವಿ ಅಲ್ವಾ?”

ಮರುದಿನ ಮೂವರೂ ಮಣಿಪಾಲಕ್ಕೆ ಹೋದೆವು. ಭಾವ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ಯಂತ್ರ ಪರೀಕ್ಷಿಸಿದ ಹುಡುಗಿ, “ಪೆಟ್ಟಿಗೆ ಪೂರ್ತಿ ಹೋಗಿದೆ ಸರ್, ಹೊಸತು ತರಿಸಬೇಕು,” ಎಂದು, ಎಡಗಿವಿಯ ಯಂತ್ರವನ್ನು ಎತ್ತಿ ಹಿಡಿದಳು. “ಇದಕ್ಕೆ ದೊಡ್ಡ ರಬ್ಬರ್ ತುದಿ ಯಾಕೆ ಹಾಕಿದ್ದೀರಿ? ಅಮ್ಮನ ಕಿವಿಗೆ ಇದು ಕೂರುವುದೇ ಇಲ್ಲ. ಬೇರೆ ಯಾರಾದರೂ ಹಾಕಿಕೊಳ್ತಿದ್ದಾರಾ?”

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸೆರಗಿನ ತುದಿ ನೋಡಿದಳು. ಆಮೇಲೆ ಹೇಳಿದಳು.

“ಇಂಜಿನ್ ಹತ್ತಿರ ಕೂತು ಕೂತು ಅವನ ಕಿವಿ ಹೋಗಿದೆ ಮಗಾ. ಬೋಟಿನವರಿಗೆ ಗೊತ್ತಾದರೆ ಕೆಲಸದಿಂದ ತೆಗೀತಾರೆ. ಇಂಜಿನಿನ ಸದ್ದು ಕೇಳದವನನ್ನು ಯಾರು ಇಟ್ಟುಕೊಳ್ತಾರೆ? ನನ್ನದಾದರೂ ಹಾಕಿಕೋ ಅಂತ ಈ ಸಲ ಒಂದು ಕೊಟ್ಟೆ. ನನ್ನ ಹತ್ತಿರ ಮಾತಾಡ್ಲಿಕ್ಕೆ ಅವನಿಗೆ ಅದು ಬೇಡ, ನಾವಿಬ್ಬರೂ ಕಿರುಚಿಕೊಳ್ತೇವೆ. ನೀನು ಬರುವ ಹೊತ್ತಿಗೆ ಮಫ್ಲರಿನ ಒಳಗೆ ಸಿಕ್ಕಿಸಿಕೊಳ್ತಾನೆ. ನೀನು ಮೆಲ್ಲ ಮಾತಾಡುವವ. ನಿನ್ನೆ ನೀನು ಬರುವ ಮೊದಲೇ ಚಾರ್ಜ್ ಮುಗೀತು ಅಂತ ಗಡಿಬಿಡಿ ಮಾಡಿದ. ಸರಿಯಾದ ಚಾರ್ಜರ್ ಬೀರುವಿನಲ್ಲಿತ್ತು.”

ಕಿಸೆಯಲ್ಲಿದ್ದ ಬೀಗದ ಕೈ ತೊಡೆಗೆ ಚುಚ್ಚುತ್ತಿತ್ತು. ಒಂದು ಕಿವಿಯನ್ನು ಭಾವನಿಗೆ ಕೊಟ್ಟು ಕೂತ ಅಮ್ಮನಿಗೆ ಸಂಜೆ ನನ್ನ ಮಾತು ಎಷ್ಟು ಕೇಳುತ್ತಿತ್ತೋ!

ಹೊರಗೆ ಬಂದು ಭಾವನ ಪಕ್ಕ ಕೂತೆ. ಮಫ್ಲರ್ ಸರಿಸಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. “ಇಷ್ಟು ವರ್ಷ ನಾನು ಹೇಳಿದ್ದು ಒಂದೂ ಕೇಳಿಸಲಿಲ್ವಾ?” ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಭಾವ ನಕ್ಕರು. “ಬಾಯಿ ನೋಡ್ತಿದ್ದೆ. ಏನೋ ಒಳ್ಳೆದು ಹೇಳ್ತಿದ್ದೀ ಅಂತ ಅಂದುಕೊಂಡಿದ್ದೆ. ಮೆಷಿನ್ ಹಾಕಿಕೊಂಡ ಮೇಲೆ ಗೊತ್ತಾಯ್ತು, ಎಲ್ಲ ಬೈಗುಳ!”

“ಮತ್ತೆ ಯಾಕೆ ದಿನಾ ಹಾಕಿಕೊಂಡಿರಿ?” ಎಂದು ಪುನಃ ಕೂಗಿದೆ.

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಭಾವನ ಸ್ವರ ನನಗೊಬ್ಬನಿಗೇ ಕೇಳುವಷ್ಟು ಸಣ್ಣದಾಯಿತು.

“ನಿನ್ನ ಸ್ವರ ಒಳ್ಳೆದುಂಟು ಮಾರಾಯ.”