ಮೊಗ್ಗಿನ ಜಡೆಗೆ ಬೇಕಾದ ಕೂದಲು

ಹೇಳಿದ್ದನ್ನು ಹೇಳಿದಂತೆ ಮಾಡಬೇಕೆಂದು ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದರು. ಹಾಗೆ ಕಲಿತವಳು ತಾಲ್ಲೂಕಿನಲ್ಲಿ ನಾನೊಬ್ಬಳೇ ಎಂಬುದು ಕನಕಪುರದ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆದಮೇಲೆ ತಿಳಿಯಿತು. ನಾನು ಒಂದು ಹೇಳಿದರೆ ಜನ ಇನ್ನೊಂದು ಮಾಡುವುದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು. ಒಬ್ಬ ಅಜ್ಜಿ, ಮೊಮ್ಮಗಳ ಸಂಗತಿಯನ್ನಷ್ಟೇ ಬರೆಯುತ್ತೇನೆ.

ಹುಳು ಮತ್ತು ಹುಡುಗಿ

ಸಾತನೂರು ಕಡೆಯ, ರೇಷ್ಮೆ ಸಾಕುವ ಮನೆಯ ಹುಡುಗಿ. ಮದುವೆಗೆ ಐದು ತಿಂಗಳಿತ್ತು. ತಲೆ ಬಾಚಿದರೆ ಹಿಡಿ ಕೂದಲು ಹಣಿಗೆಗೆ ಬರುತ್ತಿತ್ತು.

“ಹಿಂಗೇ ಆದ್ರೆ ಮೊಗ್ಗಿನ ಜಡೆ ಯಾವುದಕ್ಕೆ ಕಟ್ಟೋದು ಸಿಸ್ಟರ್?” ಎಂದು ಅತ್ತಳು.

ಡಾಕ್ಟರು ರಕ್ತ ಕಮ್ಮಿ ಎಂದು ಮಾತ್ರೆ ಬರೆದು, ಊಟದ ವಿಚಾರಣೆಯನ್ನು ನನಗೆ ಬಿಟ್ಟರು. ಸೊಂಟ ಸಣ್ಣಗಾಗಲೆಂದು ಹುಡುಗಿ ತಿಂಗಳುಗಟ್ಟಲೆ ಕಾಫಿ, ಮಜ್ಜಿಗೆಯಲ್ಲೇ ದಿನ ತಳ್ಳಿದ್ದಳು. ಜೊತೆಗೆ ಬಂದಿದ್ದ ಅಜ್ಜಿಯನ್ನು ಗದರಿದೆ.

“ರೇಷ್ಮೆ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತೀರಿ. ಮನೆ ಹುಡುಗಿ ಉಪವಾಸವಿದ್ದರೆ ಕಾಣುವುದಿಲ್ಲವೇ?”

“ಹುಳ ಸೊಂಟ ಸಣ್ಣ ಮಾಡ್ಕೋಬೇಕು ಅಂತ ಹಟ ಹಿಡಿಯಾಕಿಲ್ಲ ಕಣವ್ವ.”

ಮೊಟ್ಟೆ

ದಿನವೂ ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು, ಒಂದು ಮೊಟ್ಟೆ. ಇಬ್ಬರಿಂದಲೂ ಎರಡೆರಡು ಸಲ ಬಾಯಿಪಾಠ ಒಪ್ಪಿಸಿಕೊಂಡು ಕಳಿಸಿದೆ. ಹದಿನೈದು ದಿನದ ಮೇಲೆ ಹುಡುಗಿ ಇನ್ನೂ ಬಾಗಿಲಲ್ಲಿರುವಾಗಲೇ ವಾಸನೆ ಒಳಗೆ ಬಂತು.

“ಮೊಟ್ಟೆ ತಿಂದೆಯಾ?”

“ಅಜ್ಜಿ ತಲೆಗೆ ಮೆತ್ತುಬುಟ್ರು ಸಿಸ್ಟರ್. ದಿನಾ.”

“ತಿನ್ನಲು ಹೇಳಿದ್ದೆ.”

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. “ಸೂರು ಸೋರುದ್ರೆ ಸೂರ್ಗೇ ತಾನೇ ಹಂಚು ಹೊದ್ಸೋದು? ಒಲೆಗೆ ಹಾಕ್ತಾರಾ?”

ಬೆಂದ ಮೊಟ್ಟೆಯನ್ನು ತಲೆಗೆ ಮೆತ್ತಲಾಗುವುದಿಲ್ಲ. ಬೇಯಿಸಿಯೇ ಕೊಡತಕ್ಕದ್ದೆಂದು ಅಂದೇ ಆಜ್ಞೆ ಮಾಡಿದೆ.

ಹರಕೆ

ನಾಲ್ಕು ತಿಂಗಳಾಗುವ ಹೊತ್ತಿಗೆ ಉದುರುವುದು ನಿಂತು, ಹಣೆಯಂಚಿನಲ್ಲಿ ಎಳೆಗೂದಲು ಕಾಣಿಸಿತು. ಜಡೆ ತೆಳುವೇ, ಆದರೂ ಮೊಗ್ಗು ಹೊರುವಷ್ಟಿತ್ತು. ಅಜ್ಜಿ ಲಗ್ನಪತ್ರಿಕೆ ಹಿಡಿದು ಬಂದಳು.

“ನೋಡಿದಿರಾ, ಎಲ್ಲ ಊಟದಿಂದ,” ಎಂದೆ, ಹೆಮ್ಮೆಯಿಂದಲೇ.

“ಊಟಾನೂ ಸೈ. ಕಬ್ಬಾಳಮ್ಮಂಗೆ ಹರಕೇನೂ ಹೊತ್ತಿದ್ದೆ. ಉದುರೋದು ನಿಂತ್ರೆ ಮುಡಿ ಕೊಡುಸ್ತೀನಿ ಅಂತ.”

“ಇಷ್ಟು ಕಷ್ಟಪಟ್ಟು ಉಳಿಸಿದ ಕೂದಲನ್ನು ಬೋಳಿಸುತ್ತೀರಾ?”

“ಬುಡ್ತು ಅನ್ನಿ! ಮದುವೆ ಹೆಣ್ಣಿನ ತಲೆ ಯಾರಾದ್ರೂ ಬೋಳುಸ್ತಾರಾ?” ಅಜ್ಜಿ ನನ್ನ ಕೈ ಹಿಡಿದುಕೊಂಡಳು. “ನಿಮ್ಮ ಮುಡಿ ಅಂತ್ಲೇ ಹೇಳ್ಕಂಡಿವ್ನಿ ಕಣವ್ವ. ಹೆಂಗೂ ದಿನಾ ಬಿಳೀ ಟೋಪಿ ಇಕ್ಕತೀರಲ್ಲ, ಯಾರಿಗೆ ಗೊತ್ತಾಯ್ತದೆ?”