ಹಡಗಿನಡಿಯ ಗುರುತು

ಹಡಗಿನ ತಳದಲ್ಲಿ ಅದನ್ನು ಕಟ್ಟಿದ ಬಡಗಿಯ ಕೈಗುರುತು ಇದೆಯಂತೆ ಎಂದು ವಸ್ತುಸಂಗ್ರಹಾಲಯದಲ್ಲಿ ಟಿಕೆಟ್ ಕೊಡುವ ಟೋರ್‌ಬ್ಯೋರ್ಗ್ ಹೇಳಿದ್ದೇ ಎಲ್ಲಕ್ಕೂ ಮೂಲ.

ಸಾವಿರ ವರ್ಷ ಮಣ್ಣಿನಡಿ ಮಲಗಿದ್ದ ಆ ವೈಕಿಂಗ್ ಹಡಗನ್ನು ಕಾವಲುಗಾರ ಆಸ್ಮುಂಡ್ ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದ. ಅದರ ಒಂದೊಂದು ಮೊಳೆಯೂ ಅವನಿಗೆ ಪರಿಚಯ. ಗುರುತೊಂದನ್ನು ಮಾತ್ರ ಕಂಡಿರಲಿಲ್ಲ. ಅಂಗಿಯೊಳಗೆ ಇರುವೆ ಹೊಕ್ಕಂತಾಯಿತು.

ಮರುದಿನ ಫೆರಿ ದೋಣಿ ತಪ್ಪೀತೆಂದು ತಿಂಡಿಯನ್ನು ಅರ್ಧಕ್ಕೇ ನಿಲ್ಲಿಸಿ ಓಡಿಬಂದ. ಜನ ಬರುವ ಮುನ್ನ ಹಡಗಿನ ಸುತ್ತ ಕಟ್ಟಿದ್ದ ಹಗ್ಗ ದಾಟಿ ಹಡಗಿನಡಿ ತೂರಿದ. ಅಲ್ಲಿಯ ಕಟ್ಟಳೆಯಂತೆ ಹಗ್ಗ ದಾಟಿದ ಕಾವಲುಗಾರನಿಗೆ ಮತ್ತೆ ಹಡಗಿನ ಮುಖ ನೋಡುವ ಭಾಗ್ಯವಿಲ್ಲ, ಬಂದವರ ಕೋಟು ನೇತುಹಾಕುವ ಕೋಣೆ ಕಾಯುವುದೇ ಗತಿ.

ಗುರುತು ಕಾಣಲಿಲ್ಲ. ಎದ್ದು ನೋಡಿದರೆ ಕಾಲ ಬಳಿ ಬೆರಳುದ್ದದ ಕಂದು ಚೂರು!

"ಅಯ್ಯೋ, ಮುರಿದೇಬಿಟ್ನಲ್ಲಾ!"

ಅದನ್ನು ಹಲಗೆಯ ಬಿರುಕಿಗೆ ಒತ್ತಿದ. ಹೇಳಿ ಮಾಡಿಸಿದಂತೆ ಕೂತಿತು.

"ಏನಪ್ಪಾ, ಮೊಣಕಾಲೆಲ್ಲ ಧೂಳು?" ಟೋರ್‌ಬ್ಯೋರ್ಗ್ ಬಾಗಿಲಲ್ಲಿ.

"ಗುಂಡಿ ಬಿದ್ದೋಯ್ತು, ಹುಡುಕ್ತಿದ್ದೆ."

ಅವಳು ಅವನ ಕೋಟನ್ನು ಮೇಲಿಂದ ಕೆಳಗೆ ನೋಡಿದಳು. "ಆರಕ್ಕಾರೂ ಇದ್ಯಲ್ಲೋ!"

ಹತ್ತು ಗಂಟೆಗೆ ಮರದ ತಜ್ಞೆ ಸಿಗ್ನೆ ವರ್ಷದ ತಪಾಸಣೆಗೆಂದು ಟಾರ್ಚ್ ಹಿಡಿದು ಹಡಗಿನಡಿ ಹೊಕ್ಕಳು.

"ಆಸ್ಮುಂಡ್! ಬೇಗ ಬಾ ಇಲ್ಲಿ!"

ಅವಳ ಚಿಮುಟದಲ್ಲಿ ಅದೇ ಚೂರು.

"ಇದು ಮರ ಅಲ್ಲ ಮಾರಾಯಾ, ರೊಟ್ಟಿ! ಯಾವನೋ ನಾವಿಕ ಬಿರುಕಲ್ಲಿ ಬಚ್ಚಿಟ್ಟಿದ್ದಾನೆ. ಜೀರಿಗೆ ಸಹಿತ ಹಾಗೇ ಇದೆ!"

ಆಸ್ಮುಂಡ್ ಮೆಲ್ಲಗೆ ಅಂಗಿಯ ಜೇಬು ಮುಟ್ಟಿಕೊಂಡ. ಫೆರಿಗೆ ಓಡುವಾಗ ತುರುಕಿಕೊಂಡಿದ್ದ, ಕಚ್ಚಿ ಉಳಿಸಿದ ಕಡಕ್ ರೊಟ್ಟಿಯ ತುಂಡು ಅಲ್ಲಿರಲಿಲ್ಲ. ಹೇಳಿಬಿಡಲೇ? ಹೇಳಿದರೆ ಹಗ್ಗ ದಾಟಿದ್ದೂ ಹೊರಬೀಳುತ್ತದೆ. ಜೇಬಿನಿಂದ ಕೈ ತೆಗೆದ.

ಮಧ್ಯಾಹ್ನದೊಳಗೆ ರೊಟ್ಟಿ ಗಾಜಿನ ಪೆಟ್ಟಿಗೆ ಸೇರಿತು. ಊಟದ ಕೋಣೆಯಲ್ಲಿ ಎಲ್ಲರೂ ಬುತ್ತಿಯ ಕಾಗದ ಬಿಚ್ಚಿದರೂ ಮಾತೆಲ್ಲ ಅದರದ್ದೇ. ಆಸ್ಮುಂಡ್ ಮಾತ್ರ ಅದೇ ಜೀರಿಗೆ ರೊಟ್ಟಿಯಿದ್ದ ತನ್ನ ಬುತ್ತಿಯನ್ನು ತೊಡೆಯ ಮೇಲಿಂದ ಎತ್ತಲೇ ಇಲ್ಲ.

ಆಗ ನಿರ್ದೇಶಕರು ಬಂದರು. "ಇಂಥ ಅಮೂಲ್ಯ ವಸ್ತು ಕಾಯೋಕೆ ನಂಬಿಕಸ್ಥ ಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ ಹಗ್ಗ ದಾಟದವನು ನೀನೊಬ್ನೇ, ಆಸ್ಮುಂಡ್. ಇವತ್ತಿಂದ್ಲೇ ಅಲ್ಲಿ ನಿಂತ್ಕೋ."

ಪೆಟ್ಟಿಗೆ ಇಟ್ಟದ್ದು ಕೋಟುಗಳ ಕೋಣೆಯ ಮೂಲೆಯಲ್ಲಿ. ಅಲ್ಲಿಂದ ಹಡಗಿನ ತುದಿಯೂ ಕಾಣದು. ಆಸ್ಮುಂಡ್ ಹಸಿದ ಹೊಟ್ಟೆಯಲ್ಲಿ ತನ್ನ ತಿಂಡಿಯನ್ನೇ ಕಾಯುತ್ತ ನಿಂತ.

ಸಂಜೆ ಸಿಗ್ನೆ ಭೂತಗನ್ನಡಿ ಹಿಡಿದು ಕುಣಿಯುತ್ತ ಬಂದಳು. "ಕಚ್ಚಿದ ಗುರುತು ಸಿಕ್ತು! ಪಾಪ, ಆ ನಾವಿಕನಿಗೆ ಮುಂದಿನ ಹಲ್ಲೊಂದು ಇರ್ಲಿಲ್ಲ. ಸೋಮವಾರ ಓಸ್ಲೋದಿಂದ ಹಲ್ಲಿನ ತಜ್ಞರು ಬರ್ತಾರೆ. ಖುಷಿ ಆಯ್ತಾ?"

ಆಸ್ಮುಂಡ್ ಜೋರಾಗಿ ತಲೆಯಾಡಿಸಿದ. ಬಾಯಿ ಮಾತ್ರ ತೆರೆಯಲಿಲ್ಲ.

"ಎಲ್ಲಿ, ಒಂಚೂರು ನಗೋ," ಅಂದಳು ಹಿಂದಿನಿಂದ ಟೋರ್‌ಬ್ಯೋರ್ಗ್.